ಕಾಳಿಗುಂಟು ಲೆಕ್ಕ, ಹುಲ್ಲಿಗಿಲ್ಲ

ಮಾಗಡಿ ಸೀಮೆಯ ನಮ್ಮ ಮನೆಯಲ್ಲಿ ಮಳೆಗೆ ತಿಂಗಳ ಹೆಸರಿರಲಿಲ್ಲ, ನಕ್ಷತ್ರದ ಹೆಸರಿತ್ತು. ಪುಷ್ಯ, ಆಶ್ಲೇಷ ಮಳೆಗಳಿಗೆ ಕೂರಿಗೆ ಹೂಡಿ ರಾಗಿ ಬಿತ್ತಿದರೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಉತ್ತರೆ, ಹಸ್ತ ಹದವಾಗಿ ಸುರಿದರೆ ತೆನೆ ತುಂಬುತ್ತಿತ್ತು. ಕೊಯ್ಲಿನ ಹೊತ್ತಿಗೆ ಬೇಕಾದದ್ದು ಬಿಸಿಲು ಮಾತ್ರ.

ಆ ಕ್ರಮ ಈಗ ತಪ್ಪಿದೆ. 2021ರ ನವೆಂಬರಿನಲ್ಲಿ ಸುರಿದ ಅಕಾಲಿಕ ಮಳೆಗೆ ದಕ್ಷಿಣ ಕರ್ನಾಟಕದ ರಾಗಿ ಹೊಲಗಳು ನೆಲಕಚ್ಚಿದವು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಮುಳುಗಿತು. ಮರುವರ್ಷ ಬರ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆನಿಸಿದವು. ವಿಶ್ವಸಂಸ್ಥೆ ಸಿರಿಧಾನ್ಯಗಳಿಗೆ ಮೀಸಲಿಟ್ಟ ವರ್ಷವೂ ಅದೇ 2023 ಎಂಬುದು ವಿಪರ್ಯಾಸ.

ವಾರ್ಷಿಕ ಸರಾಸರಿ ನೋಡಿ ಮಳೆ ಚೆನ್ನಾಗಿದೆ ಎನ್ನುವವರು ಖುಷ್ಕಿ ಬೇಸಾಯ ಬಲ್ಲವರಲ್ಲ. ಚನ್ನಪಟ್ಟಣ, ರಾಮನಗರದ ಕಡೆ ರೇಷ್ಮೆ, ತೆಂಗು, ಮಾವು ಒಂದಿಷ್ಟು ಆಸರೆಯಾದಾವು. ಮಾಗಡಿ, ಕನಕಪುರದ ಒಣಭೂಮಿಗೆ ಮಳೆ ಬರುವ ದಿನವೇ ಮುಖ್ಯ. ಬಿತ್ತನೆ ತಡವಾದರೆ ಅಲ್ಪಾವಧಿ ತಳಿ ಹಾಕಿ ಎಂಬ ಸಲಹೆ ಸರಿಯೇ. ಸುಮಾರು 110 ದಿನ ಬೇಡುವ ಜಿಪಿಯು 28ರ ಬದಲು ನೂರು ದಿನದೊಳಗೆ ಬರುವ ಜಿಪಿಯು 48 ಉಂಟು. ಆದರೆ ಮಳೆ ಯಾವಾಗ ಬಂದೀತೆಂದು ತಿಳಿಯದ ರೈತ ಯಾವ ಚೀಲವನ್ನು ಮೊದಲೇ ತಂದಿಟ್ಟುಕೊಳ್ಳಬೇಕು?

ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. 2021ರಲ್ಲಿ ನಮ್ಮ ರಾಗಿ ಕೊಯ್ದು ಹೊಲದಲ್ಲಿ ಹರಡಿದ್ದಾಗ ಮಳೆ ಹಿಡಿಯಿತು. ತೆನೆಯಲ್ಲೇ ಮೊಳಕೆ ಬಂತು. ಹೇಗೋ ಬಡಿದು ಉಣ್ಣುವಷ್ಟು ಉಳಿಸಿಕೊಂಡೆವು. ಹುಲ್ಲು ಮಾತ್ರ ಕಪ್ಪಿಟ್ಟು ಬೂಷ್ಟು ಹಿಡಿದಿತ್ತು. ಹಸುಗಳು ಮೂಸಿ ಮುಖ ತಿರುಗಿಸಿದವು. ಸಂಕ್ರಾಂತಿಯ ವೇಳೆಗೆ ಕೊಟ್ಟಿಗೆಯಿಂದ ಒಂದು ಹಸುವನ್ನು ಮಾರಬೇಕಾಯಿತು. ನಮ್ಮ ಕಡೆಯ ಒಕ್ಕಲು ಮನೆಗೆ ರಾಗಿ ವರ್ಷಕ್ಕೊಮ್ಮೆಯ ಫಸಲು, ಹಾಲು ದಿನದಿನದ ಕಾಸು. ಬಣವೆ ಕೆಟ್ಟರೆ ಡೇರಿಯ ಹಾಲಿನ ಲೆಕ್ಕವೂ ಕೆಟ್ಟಂತೆ.

ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಒಣಗಲು ಬಿಟ್ಟ ಬೆಳೆಗೆ 14 ದಿನಗಳವರೆಗೆ ರಕ್ಷಣೆ ಇದೆ. ಆದರೆ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಮಳೆ ಬಿಡದೆ ಸುರಿಯುವಾಗ ತೆನೆ ಎತ್ತಿಡಲು ಹೆಣಗುವವನಿಗೆ ಆ ಗಡುವು ನೆನಪಾಗುವುದೆಂತು? ಇಳುವರಿಯ ನಷ್ಟವನ್ನು ಅಳೆಯುವ ಬೆಳೆ ಕಟಾವು ಪ್ರಯೋಗದಲ್ಲಾದರೋ ತೂಗುವುದು ಕಾಳನ್ನು, ಮೇವನ್ನಲ್ಲ.

ರಾಗಿ ಸೀಮೆಯ ಮಟ್ಟಿಗಾದರೂ ಹುಲ್ಲಿನ ನಷ್ಟಕ್ಕೂ ಬೆಲೆ ಕಟ್ಟುವ ನಿಯಮ ಬರಬೇಕು. ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿ ದರದ ಟಾರ್ಪಾಲಿನ್ ಕೊಯ್ಲಿಗೆ ಮುಂಚೆಯೇ ಕೈಗೆ ಸಿಗಬೇಕು. ಡಿಸೆಂಬರಿನಲ್ಲಿ ಸಿಕ್ಕರೆ ಅದು ಹಸುವಿನ ಕೊಟ್ಟಿಗೆಗೆ ಮರೆ ಕಟ್ಟಲು ಬಂದೀತು.