ಟ್ರ್ಯಾಕ್ಟರಿನ ಸುರಕ್ಷತಾ ಸ್ವಿಚ್ಚು: ಜೋಡಣೆ ಮತ್ತು ಪರೀಕ್ಷೆ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಿಪ್ಪುನೇರಳೆ ತೋಟಗಳಲ್ಲಿ, ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಗಳ ಅಡಿಯಲ್ಲಿ, ಗೌರಿಬಿದನೂರಿನ ಮುಸುಕಿನ ಜೋಳದ ಹೊಲಗಳಲ್ಲಿ ಟ್ರ್ಯಾಕ್ಟರಿನ ಬಳಕೆ ಹೆಚ್ಚಾಗಿದೆ. ರೋಟವೇಟರಿಗೆ ಸುತ್ತಿಕೊಂಡ ಕಡ್ಡಿ ಬಿಡಿಸಲು ಎಂಜಿನ್ ನಿಲ್ಲಿಸಿ ಇಳಿಯುವುದು, ಮತ್ತೆ ಹತ್ತಿ ಚಾಲೂ ಮಾಡುವುದು ದಿನಕ್ಕೆ ಎಷ್ಟೋ ಬಾರಿ. ಹೀಗಿರುವಾಗ ಗೇರು ಹಾಕಿದ್ದುದು ಒಮ್ಮೆಯಾದರೂ ಮರೆತುಹೋಗುತ್ತದೆ. ಆ ಮರೆವಿನಿಂದ ಅಪಾಯವಾಗದಂತೆ ಕಾಯುವುದೇ ಸುರಕ್ಷತಾ ಸ್ವಿಚ್ಚು.

ಇದು ಕೆಲವು ಮಾದರಿಗಳಲ್ಲಿ ಗೇರುಪೆಟ್ಟಿಗೆಯ ಮೇಲೆ, ಕೆಲವುಗಳಲ್ಲಿ ಕ್ಲಚ್ಚು ಪೆಡಲಿನ ಬಳಿ ಇರುತ್ತದೆ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಎರಡು ದಾರಿಯಲ್ಲಿ ಹೋಗುತ್ತದೆ. ದಪ್ಪ ಕೇಬಲ್ಲು ನೇರವಾಗಿ ಸ್ಟಾರ್ಟರಿನ ಸೊಲೆನಾಯ್ಡಿಗೆ ಬರುತ್ತದೆ. ಸಣ್ಣ ತಂತಿ ಕೀ ಸ್ವಿಚ್ಚಿನಿಂದ ಹೊರಟು, ಸುರಕ್ಷತಾ ಸ್ವಿಚ್ಚನ್ನು ದಾಟಿ, ಸೊಲೆನಾಯ್ಡಿನ ಸಣ್ಣ ತುದಿಗೆ ಸೇರುತ್ತದೆ. ಈ ಸಣ್ಣ ತಂತಿಯಲ್ಲಿ ವಿದ್ಯುತ್ತು ಬಂದಾಗ ಮಾತ್ರ ಸೊಲೆನಾಯ್ಡ್ ಎಳೆದುಕೊಂಡು, ಹಲ್ಲುಚಕ್ರವನ್ನು ಮುಂದಕ್ಕೆ ತಳ್ಳಿ, ದಪ್ಪ ಕೇಬಲ್ಲಿನ ವಿದ್ಯುತ್ತನ್ನು ಮೋಟಾರಿಗೆ ಬಿಡುತ್ತದೆ. ಗೇರು ನ್ಯೂಟ್ರಲ್‌ನಲ್ಲಿಲ್ಲದಿದ್ದರೆ, ಇಲ್ಲವೆ ಕ್ಲಚ್ಚು ಒತ್ತದಿದ್ದರೆ, ದಾರಿ ಕಡಿದಿರುತ್ತದೆ. ಕೆಲವು ಕಾರುಗಳಲ್ಲಿ ಮುಂದಕ್ಕೆ ಓಡುವಾಗ ರಿವರ್ಸ್ ಗೇರು ಬೀಳದಂತೆ ಇಂಥದೇ ಸೊಲೆನಾಯ್ಡ್ ತಡೆಯುತ್ತದೆ. ಅಲ್ಲಿ ತಡೆ ಗೇರಿಗೆ, ಇಲ್ಲಿ ಸ್ಟಾರ್ಟರಿಗೆ.

ಧೂಳು, ಕೆಸರು ಸೇರಿ ಸ್ವಿಚ್ಚು ಕೈಕೊಟ್ಟಾಗ ಅದರ ಎರಡು ತಂತಿಗಳನ್ನು ಹೆಣೆದು ಟೇಪು ಸುತ್ತಿಬಿಡುವ ರೂಢಿ ಇದೆ. ಅಂದಿನ ಉಳುಮೆ ನಡೆಯುತ್ತದೆ, ಕಾವಲು ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು, ನೆಲದ ಮೇಲೆ ನಿಂತು ಸೊಲೆನಾಯ್ಡಿನ ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಾಲೂ ಮಾಡುವುದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ನಿಲ್ಲಿಸುವ ಗುಂಡಿಯನ್ನು ಎಳೆಯುವ ಹಳೆಯ ಮಾದರಿಗಳಲ್ಲಿ ಕೀ ತಿರುಗಿಸದಿದ್ದರೂ ಅದು ಹೊತ್ತಿಕೊಳ್ಳುತ್ತದೆ. ಗೇರು ಬಿದ್ದಿದ್ದರೆ ಟ್ರ್ಯಾಕ್ಟರು ಕೂಡಲೇ ಮುನ್ನುಗ್ಗುತ್ತದೆ. ಹಿಂದಿನ ದೊಡ್ಡ ಚಕ್ರದ ಮುಂದೆ ನಿಂತವನಿಗೆ ಸರಿಯಲು ಸಮಯವೇ ಇರುವುದಿಲ್ಲ. ಈ ಬಗೆಯ ಸಾವುಗಳು ಆಗಿವೆ.

ಪರೀಕ್ಷೆಗೆ ಎರಡು ತಂತಿ ಜೋಡಿಸಿದ 12 ವೋಲ್ಟಿನ ಬಲ್ಬು ಸಾಕು. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕು ಬಿಗಿದು, ಚಕ್ರಗಳಿಗೆ ಕಲ್ಲು ಕೊಟ್ಟು, ಪಿ.ಟಿ.ಓ. ಬಿಡಿಸಿರಬೇಕು. ಬ್ಯಾಟರಿಯ ನೆಗೆಟಿವ್ ಕೇಬಲ್ಲು ತೆಗೆದು, ಸೊಲೆನಾಯ್ಡಿನ ಸಣ್ಣ ತಂತಿಯನ್ನು ಬಿಚ್ಚಿ, ಅದರ ತುದಿ ಕಬ್ಬಿಣಕ್ಕೆ ತಾಗದಂತೆ ನೋಡಿಕೊಂಡು ಕೇಬಲ್ಲನ್ನು ಮತ್ತೆ ಕೂಡಿಸಿರಿ. ಬಲ್ಬಿನ ಒಂದು ತಂತಿಯನ್ನು ಈ ತುದಿಗೂ ಇನ್ನೊಂದನ್ನು ಬಣ್ಣವಿಲ್ಲದ ಕಬ್ಬಿಣಕ್ಕೂ ಹಿಡಿಯಿರಿ. ಸ್ಟಾರ್ಟರ್ ತಿರುಗುವ ಭಯ ಈಗ ಇಲ್ಲ. ನ್ಯೂಟ್ರಲ್‌ನಲ್ಲಿ ಕ್ಲಚ್ಚು ಒತ್ತಿ ಕೀ ತಿರುಗಿಸಿದರೆ ಬಲ್ಬು ಉರಿಯಬೇಕು. ಗೇರುಪೆಟ್ಟಿಗೆಯ ಸ್ವಿಚ್ಚಾದರೆ ಗೇರು ಹಾಕಿದೊಡನೆ, ಪೆಡಲಿನದಾದರೆ ಕಾಲು ತೆಗೆದೊಡನೆ ಆರಬೇಕು. ಆರದಿದ್ದರೆ ಯಾರೋ ತಂತಿ ಕೂಡಿಸಿದ್ದಾರೆ, ಇಲ್ಲವೆ ಸ್ವಿಚ್ಚು ಒಳಗೆ ಅಂಟಿಕೊಂಡಿದೆ ಅಥವಾ ಸರಿಯಾಗಿ ಕುಳಿತಿಲ್ಲ.

ಬಲ್ಬು ಉರಿಯದೇ ಇದ್ದರೆ ಕೀ ತಿರುಗಿಸಿ ಹಿಡಿದಂತೆಯೇ ಸ್ವಿಚ್ಚಿನ ಎರಡೂ ತುದಿಗಳನ್ನು ನೋಡಿರಿ. ಕೀ ಕಡೆಯಲ್ಲಿ ಉರಿದು ಆಚೆ ಉರಿಯದಿದ್ದರೆ ದೋಷ ಸ್ವಿಚ್ಚಿನದು. ಮೊದಲು ಒರೆಸಿ, ಬಿಗಿನಟ್ಟು ಸಡಿಲಿಸಿ ಸರಿಹೊಂದಿಸಿ ನೋಡಿ, ಆಗದಿದ್ದರೆ ಅದೇ ಮಾದರಿಯ ಹೊಸದನ್ನು ಹಾಕಬೇಕು. ಕೀ ಕಡೆಯಲ್ಲೇ ಉರಿಯದಿದ್ದರೆ ಫ್ಯೂಸ್ ಮತ್ತು ಕೀ ಸ್ವಿಚ್ಚನ್ನು ಪರೀಕ್ಷಿಸಬೇಕು.

ಹೊಸ ಸ್ವಿಚ್ಚನ್ನು ಕೂಡಿಸುವಾಗಲೂ ನೆಗೆಟಿವ್ ಕೇಬಲ್ಲನ್ನು ಮೊದಲು ತೆಗೆದು ಕೊನೆಗೆ ಹಾಕಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಕಬ್ಬಿಣಕ್ಕೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಸ್ವಿಚ್ಚು ಬರಬೇಕಾದದ್ದು ಸಣ್ಣ ತಂತಿಯಲ್ಲೇ ಹೊರತು ದಪ್ಪ ಕೇಬಲ್ಲಿನಲ್ಲಲ್ಲ. ತಂತಿ ಮೊದಲಿದ್ದಷ್ಟೇ ದಪ್ಪವಿರಲಿ, ಸೈಲೆನ್ಸರಿಗೂ ಪೆಡಲಿಗೂ ತಾಗದಿರಲಿ.

ಹಳೆಯ ಟ್ರ್ಯಾಕ್ಟರು ಕೊಳ್ಳುವವರು ಟೈರು, ಎಂಜಿನ್ ನೋಡುವಾಗಲೇ ಈ ಬಲ್ಬು ಪರೀಕ್ಷೆಯನ್ನೂ ಮಾಡಿಸಿ, ಕೂಡಿಸಿದ ತಂತಿ ಕಂಡರೆ ಮಾರುವವರಿಂದಲೇ ಸರಿಪಡಿಸಿಕೊಳ್ಳಬಹುದು.