ಸಭಾ ಸೂಚನೆಗೆ ಒಂದು ಗುಂಡಿ: ಔಟ್‌ಲುಕ್‌ನಲ್ಲಿ ಮ್ಯಾಕ್ರೋ ಅಳವಡಿಸುವ ವಿಧಾನ

ಗ್ರಾಮ ಪಂಚಾಯತಿಯು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ವಿಧಿಸುತ್ತದೆ. ಲಿಖಿತ ಸೂಚನೆಯ ಜೊತೆಗೆ ಇ-ಮೇಲ್ ಮೂಲಕವೂ ಸದಸ್ಯರಿಗೆ ತಿಳಿಸುವಾಗ, ಹಿಂದಿನ ತಿಂಗಳ ಪತ್ರವನ್ನೇ ತೆರೆದು ತಿದ್ದುವುದು ಸಾಮಾನ್ಯ ರೂಢಿ. ದಿನಾಂಕವನ್ನು ತಿದ್ದಿ ವಾರವನ್ನು ಹಾಗೆಯೇ ಬಿಟ್ಟರೆ, ಅಥವಾ ಒಬ್ಬ ಸದಸ್ಯರ ವಿಳಾಸ ಬಿಟ್ಟುಹೋದರೆ, ಸಭೆಗೆ ಕೋರಂ ಆಗದಿರಬಹುದು. ಆದ ನಿರ್ಣಯಕ್ಕೂ ಆಕ್ಷೇಪಣೆ ಬರಬಹುದು. ಈ ತೊಡಕನ್ನು ತಗ್ಗಿಸಲು ಮ್ಯಾಕ್ರೋ ನೆರವಾಗುತ್ತದೆ.

ಮ್ಯಾಕ್ರೋ ಎಂದರೆ ಒಂದೇ ಆದೇಶಕ್ಕೆ ಹಲವು ಕೆಲಸಗಳನ್ನು ಕ್ರಮವಾಗಿ ಮಾಡುವ ಚಿಕ್ಕ ಕ್ರಮವಿಧಿ. ಸಭಾ ಸೂಚನೆಯ ಮ್ಯಾಕ್ರೋ ಮೊದಲು ಸಭೆಯ ದಿನಾಂಕವನ್ನು ಕೇಳಬೇಕು. ಅದಕ್ಕೆ ಸರಿಯಾದ ವಾರವನ್ನು ತಾನೇ ಬರೆಯಬೇಕು. ಎಲ್ಲ ಸದಸ್ಯರ ವಿಳಾಸಗಳನ್ನು ತುಂಬಬೇಕು. ಬಳಿಕ ಕರಡನ್ನು ಪರದೆಯ ಮೇಲೆ ತೆರೆದು ನಿಲ್ಲಬೇಕು. ಪತ್ರವನ್ನು ತಾನಾಗಿ ಕಳುಹಿಸುವಂತೆ ಬರೆಯಬಾರದು. ಓದಿ ನೋಡಿ ಕಳುಹಿಸುವ ಹೊಣೆ ಅಧಿಕಾರಿಯದೇ ಆಗಿರಬೇಕು.

ಅಳವಡಿಸುವ ಕ್ರಮ ಹೀಗಿದೆ:

1. ಔಟ್‌ಲುಕ್ ತೆರೆದು ಆಲ್ಟ್ ಮತ್ತು ಎಫ್11 ಕೀಲಿಗಳನ್ನು ಒಟ್ಟಿಗೆ ಒತ್ತಿ, ವಿಷುಯಲ್ ಬೇಸಿಕ್ ಕಿಟಕಿಯಲ್ಲಿ ಮ್ಯಾಕ್ರೋವನ್ನು ಬರೆದು ಉಳಿಸಬೇಕು.
2. ಫೈಲ್, ಆಪ್ಷನ್ಸ್, ಕ್ವಿಕ್ ಆ್ಯಕ್ಸೆಸ್ ಟೂಲ್‌ಬಾರ್ ಎಂಬ ಕ್ರಮದಲ್ಲಿ ಸಾಗಬೇಕು.
3. ಆದೇಶಗಳ ಪಟ್ಟಿಯಲ್ಲಿ ಮ್ಯಾಕ್ರೋಸ್ ಆಯ್ದು, ಬೇಕಾದುದನ್ನು ಗುರುತಿಸಿ ಆ್ಯಡ್ ಒತ್ತಬೇಕು.
4. ಮಾಡಿಫೈ ಒತ್ತಿ, ಚಿಹ್ನೆಯೊಂದನ್ನು ಆರಿಸಿ ‘ಸಭಾ ಸೂಚನೆ’ ಎಂದು ಹೆಸರಿಟ್ಟು ಓಕೆ ಒತ್ತಬೇಕು.

ಗುಂಡಿಯು ಮೊದಲ ದಿನ ಕೆಲಸ ಮಾಡಿ, ಔಟ್‌ಲುಕ್ ಮುಚ್ಚಿ ತೆರೆದ ಬಳಿಕ ನಿಂತುಹೋಗಬಹುದು. ಡಿಜಿಟಲ್ ಸಹಿಯಿಲ್ಲದ ಮ್ಯಾಕ್ರೋಗಳನ್ನು ಔಟ್‌ಲುಕ್ ಸಾಮಾನ್ಯವಾಗಿ ತಡೆಯುವುದೇ ಇದಕ್ಕೆ ಕಾರಣ. ಆಗ ಎಲ್ಲ ಮ್ಯಾಕ್ರೋಗಳಿಗೂ ಅನುಮತಿ ನೀಡುವ ಆಯ್ಕೆಯನ್ನು ಒತ್ತುವುದು ಸಲ್ಲದು. ಆಫೀಸ್ ತಂತ್ರಾಂಶದೊಡನೆ ಬರುವ ಸೆಲ್ಫ್‌ಸರ್ಟ್ ಎಂಬ ಸಾಧನದಿಂದ ಪ್ರಮಾಣಪತ್ರ ರಚಿಸಿ, ಮ್ಯಾಕ್ರೋಗೆ ಸಹಿ ಹಾಕಬೇಕು.

ಈ ಎಚ್ಚರಿಕೆಗೆ ಇತಿಹಾಸವಿದೆ. 1999ರ ಮಾರ್ಚ್‌ನಲ್ಲಿ ಹರಡಿದ ಮೆಲಿಸ್ಸಾ ವೈರಸ್ ವರ್ಡ್ ಕಡತದೊಳಗಿನ ಒಂದು ಮ್ಯಾಕ್ರೋ ಆಗಿತ್ತು. ಕಡತವನ್ನು ತೆರೆದವರ ಔಟ್‌ಲುಕ್ ವಿಳಾಸ ಪಟ್ಟಿಯ ಮೊದಲ 50 ಮಂದಿಗೆ ಅದು ತನ್ನನ್ನೇ ಕಳುಹಿಸಿಕೊಳ್ಳುತ್ತಿತ್ತು. ಪರಿಚಿತರಿಂದ ಬಂದ ಪತ್ರವೆಂದು ನಂಬಿ ಜನರು ಅದನ್ನು ತೆರೆದರು. ಪಂಚಾಯತಿಯ ವಿಳಾಸದಿಂದ ಅಂಥ ಪತ್ರ ಹೊರಟರೆ ಗ್ರಾಮಸ್ಥರೂ ಹಾಗೆಯೇ ನಂಬಿಯಾರು. ಆದುದರಿಂದ ಇ-ಮೇಲ್‌ನಲ್ಲಿ ಬಂದ ಕಡತವು ಮ್ಯಾಕ್ರೋ ಸಕ್ರಿಯಗೊಳಿಸಿರೆಂದು ಕೇಳಿದರೆ ಒಪ್ಪಬಾರದು.

ಇನ್ನೆರಡು ಮಿತಿಗಳಿವೆ. ಈ ಮ್ಯಾಕ್ರೋಗಳು ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ನಡೆಯುತ್ತವೆ. ಹೊಸ ಔಟ್‌ಲುಕ್‌ನಲ್ಲಾಗಲಿ ಬ್ರೌಸರ್‌ನಲ್ಲಾಗಲಿ ನಡೆಯವು. ಅಲ್ಲದೆ, ಮ್ಯಾಕ್ರೋ ಉಳಿಯುವುದು ಆ ಗಣಕಯಂತ್ರದಲ್ಲಿ, ಅಂಚೆಪೆಟ್ಟಿಗೆಯಲ್ಲಲ್ಲ. ಯಂತ್ರ ಬದಲಾದರೆ ಗುಂಡಿಯೂ ಹೋಗುತ್ತದೆ. ಅಧಿಕಾರಿ ವರ್ಗವಾಗಿ ಹೋದ ಬಳಿಕ ಅದನ್ನು ಬಲ್ಲವರು ಉಳಿಯದಿರಬಹುದು. ಆದುದರಿಂದ ಮ್ಯಾಕ್ರೋದ ಮುದ್ರಿತ ಪ್ರತಿಯನ್ನು ಕಚೇರಿಯ ಕಡತದಲ್ಲಿರಿಸಿ, ಪ್ರಭಾರ ವಹಿಸಿಕೊಡುವಾಗ ಪಟ್ಟಿಯಲ್ಲಿ ನಮೂದಿಸತಕ್ಕದ್ದು.

ಮಾನ್ಯ ಸದಸ್ಯರು ಮ್ಯಾಕ್ರೋ ಬರೆಯುವುದನ್ನು ಕಲಿಯಬೇಕಾಗಿಲ್ಲ. ಆದರೆ ಮುಂದಿನ ಸಭೆಯಲ್ಲಿ ಈ ಮೂರನ್ನು ಕೇಳಿ ತಿಳಿಯುವುದು ಉಚಿತ: ವಿಳಾಸ ಪಟ್ಟಿಯಲ್ಲಿ ಎಲ್ಲ ಸದಸ್ಯರೂ ಇರುವರೇ? ಕಳುಹಿಸುವ ಮುನ್ನ ಕರಡನ್ನು ಯಾರು ಓದುತ್ತಾರೆ? ಮ್ಯಾಕ್ರೋದ ಪ್ರತಿ ಯಾವ ಕಡತದಲ್ಲಿದೆ?