ತಂಬೂರಿಯ ರಾತ್ರಿ, ಕ್ಯಾಸೆಟ್ಟಿನ ಗಂಟೆ

ಮಂಟೇಸ್ವಾಮಿ ಮತ್ತು ಅವನ ಶಿಷ್ಯ ಸಿದ್ದಪ್ಪಾಜಿಯ ಕಥೆಯನ್ನು ಹಾಡಲು ದೀಕ್ಷೆ ಪಡೆದವರು ನೀಲಗಾರರು. ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದು. ಕಾವ್ಯದ ಬಹು ಜನಪ್ರಿಯ ಸಾಲೊಂದು, ಅಂದರೆ ಕಥಾಭಾಗವೊಂದು, ನಡೆಯುವುದೂ ಅದೇ ತಾಲ್ಲೂಕಿನ ಹಲಗೂರಿನಲ್ಲಿ: ಕಬ್ಬಿಣದ ಭಿಕ್ಷೆಗೆಂದು ಹೋದ ಸಿದ್ದಪ್ಪಾಜಿ, ಅಲ್ಲಿನ ಕಮ್ಮಾರರಾದ ಪಾಂಚಾಳರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಗೆಲ್ಲುತ್ತಾನೆ. ಊರ ಹೆಸರು ಬಂದಾಗ ಆ ಸೀಮೆಯ ಕೇಳುಗರು ಮೈಯೆಲ್ಲ ಕಿವಿಯಾಗುವುದು ಸಹಜ.

ಮೇಳದಲ್ಲಿ ಮುಂಗಾಯಕನ ಹೆಗಲ ಮೇಲೆ ತಂಬೂರಿ, ಕೈಯಲ್ಲಿ ಗಗ್ಗರ. ಜೊತೆಗಾರರಿಗೆ ಡಕ್ಕೆ, ತಾಳ. ಅವನು ಸೊಲ್ಲೆತ್ತುತ್ತಾನೆ, ಹಿಮ್ಮೇಳ ಅದರ ತುದಿ ಹಿಡಿದು ಎಳೆಯುತ್ತದೆ. ಆ ಬಿಡುವಿನಲ್ಲೇ ಅವನಿಗೆ ಉಸಿರು, ಮುಂದಿನ ಮಾತಿನ ಹೊಂಚು. ನಡುನಡುವೆ ಹಾಡು ನಿಂತು ಕಥೆ ಮಾತಾಗುತ್ತದೆ. ಇಡೀ ರಾತ್ರಿ ಕಾವ್ಯವನ್ನು ಎತ್ತಿ ನಿಲ್ಲಿಸುವುದು ಹಿಮ್ಮೇಳವೇ.

ವಿದ್ವಾಂಸರ ಗಮನ ಇಂಥ ಮೇಳಗಳತ್ತ ತಿರುಗಿದ್ದು ತಡವಾಗಿ. ಕಂಸಾಳೆಯ ದೇವರ ಗುಡ್ಡರು ಹಾಡುವ ಮಲೆ ಮಾದೇಶ್ವರ ಕಾವ್ಯವನ್ನು ಪಿ.ಕೆ. ರಾಜಶೇಖರ 1973ರಲ್ಲಿ ಅಚ್ಚಿಗೆ ತಂದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠ ಮುಂದೆ ಇಂಗ್ಲಿಷಿಗೂ ಹೋಯಿತು. ಹಾಡಿದ ತಂಡವನ್ನು ಆ ಇಂಗ್ಲಿಷ್ ಪುಸ್ತಕದ ಶೀರ್ಷಿಕೆಯಲ್ಲೇ ಹೆಸರಿಸಿದ್ದು ದೊಡ್ಡ ಮರ್ಯಾದೆ. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಕಟ್ಟಿದ ಜನಪದ ಸಂಗ್ರಹಾಲಯ ‘ಜಾನಪದ ಲೋಕ’ 1994ರಲ್ಲಿ ಬಾಗಿಲು ತೆರೆಯಿತು. ಅದು ಇರುವುದು ರಾಮನಗರದ ಬಳಿ.

ಆದರೆ ಹಾಡನ್ನು ಮನೆಮನೆಗೆ ಒಯ್ದದ್ದು ಕ್ಯಾಸೆಟ್. ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಹಳೇ ಮೈಸೂರು ಸೀಮೆಯಲ್ಲಿ ಮನೆಮಾತಾಯಿತು. ಒಂದು ಮಗ್ಗುಲಿಗೆ ಅರ್ಧ ಗಂಟೆಯಷ್ಟೇ ಹಿಡಿಸುತ್ತಿದ್ದ ಸುರುಳಿಗೆ ರಾತ್ರಿಯ ಕಥೆಯನ್ನು ಹೊಂದಿಸಬೇಕಾಯಿತು. ದೂರದ ಕೇಳುಗನಿಗೂ ಕಥೆ ದಕ್ಕಿತು. ಜನರ ಮುಖ ನೋಡಿ ಸಾಲನ್ನು ಹಿಗ್ಗಿಸುವ ಸ್ವಾತಂತ್ರ್ಯ ಗಾಯಕನಿಗೆ ತಪ್ಪಿತು.

ಅಮೆರಿಕದ ಕರಿಯರ ಗಾಯನ ತಂಡಗಳೂ ಇಂಥದೇ ಇಕ್ಕಟ್ಟಿನಲ್ಲಿ ಬೆಳೆದವು. ಬಾಲ್ಟಿಮೋರಿನ ಓರಿಯೋಲ್ಸ್ 1948ರಲ್ಲಿ ‘ಇಟ್ಸ್ ಟೂ ಸೂನ್ ಟು ನೋ’ ಹಾಡಿನಿಂದ ಹೆಸರಾದಾಗ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷದ್ದು. ಮುಂಗಾಯಕ ಸನ್ನಿ ಟಿಲ್ ಹೆಸರು ಬರಬರುತ್ತ ತಂಡದ ಹೆಸರಿಗಿಂತ ಮುಂದೆ ಬಂತು. ನಮ್ಮಲ್ಲಿಯೂ ನೆನಪಿನಲ್ಲಿ ಉಳಿದದ್ದು ಮುಂಗಾಯಕನ ಹೆಸರೇ. ಸೊಲ್ಲಿನ ತುದಿ ಹಿಡಿದವರ ಹೆಸರುಗಳೂ ದಾಖಲಾಗಬೇಕಿತ್ತು.

ಈಗ ಯೂಟ್ಯೂಬಿನಲ್ಲಿ ಅರ್ಧ ಗಂಟೆಯ ಕಟ್ಟಿಲ್ಲ. ಗಂಟೆಗಟ್ಟಲೆ ಕಥೆ ಸಿಗುತ್ತದೆ. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ನೀಲಗಾರರು ಇಂದಿಗೂ ತಂಬೂರಿ ಹಿಡಿದೇ ಬರುತ್ತಾರೆ.